ಸಹಾಯ ಬೇಕು: ರಾತ್ರಿಯ ಯಕ್ಷಗಾನಕ್ಕೆ 15,000 ರೂಪಾಯಿಯೊಳಗೆ ಯಾವ ಲೆನ್ಸ್?

ನಮಸ್ಕಾರ. ನನ್ನ ಬಳಿ ಇರುವುದು ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಜೂಮ್ ಲೆನ್ಸ್. ತೆಗೆಯುವುದು ಹೆಚ್ಚಾಗಿ ರಾತ್ರಿಯ ಯಕ್ಷಗಾನ, ರಂಗಸ್ಥಳದಿಂದ ಐದಾರು ಮೀಟರ್ ದೂರ ಕುಳಿತು. 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿದರೂ ಶಟರ್ ವೇಗ ಸಾಲದು. ಮೊನ್ನೆ ಪುಂಡುವೇಷದವರು (ಚುರುಕಿನ ಯುವ ವೀರರ ಪಾತ್ರ) ಧಿಗಿಣ, ಅಂದರೆ ಗಿರಕಿ ಹೊಡೆಯುವ ಜಿಗಿತ, ಹಾಕಿದಾಗ ತಲೆಯ ಕೇದಗೆ ಮುಂದಲೆ ಎಂಬ ಶಿರೋಭೂಷಣ ಬರೀ ಕೆಂಪು ಗೀಟಾಗಿ ಮೂಡಿದೆ. ಕಣ್ಣು, ಮೂಗಿನ ಗುರುತೇ ಇಲ್ಲ. ಬಹಳ ಬೇಸರವಾಯಿತು.

50 ಎಂಎಂ ಎಫ್/1.8 ಎಸ್‌ಟಿಎಂ ಕೊಂಡರೆ 55ರ ಎಫ್/5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಬೆಳಕು ಸಿಗುತ್ತದೆ. ಕ್ಯಾಮೆರಾವನ್ನು ಅಡ್ಡಕ್ಕಲ್ಲದೆ ಲಂಬವಾಗಿ ಹಿಡಿದರೆ ಇಡೀ ವೇಷ ಅಡಿಯಿಂದ ಮುಡಿಯವರೆಗೆ ಚೌಕಟ್ಟಿನೊಳಗೆ ಬರುತ್ತದೆ. ಆದರೆ ನನಗೆ ಆಸೆ ಇರುವುದು ಮುಖವರ್ಣಿಕೆಯ ಮೇಲೆ. ಅದಕ್ಕೆ 85 ಎಂಎಂ ಎಫ್/1.8 ಬೇಕೆನಿಸುತ್ತದೆ. ಬಳಸಿದ್ದಾದರೂ ಈ ಮೊತ್ತಕ್ಕೆ ಸಿಕ್ಕೀತೇ? ಕೆಲವರು 55-250 ಎಂಎಂ ಜೂಮ್ ಲೆನ್ಸ್ ಎನ್ನುತ್ತಾರೆ. ಅದು ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಕುಣಿಯುವವರ ಚಲನೆಯನ್ನಲ್ಲ, ಹಾಗಾಗಿ ಬೇಡ.

ಬಳಸಿದ ಲೆನ್ಸ್ ಕೊಂಡವರು, ಕರಾವಳಿಯ ತೇವಕ್ಕೆ ಒಳಗೆ ಫಂಗಸ್ ಹಿಡಿದಿದೆಯೇ ಎಂದು ಟಾರ್ಚ್ ಹಿಡಿದು ನೋಡುವುದು ಹೇಗೆಂದೂ ದಯವಿಟ್ಟು ತಿಳಿಸಿ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಮೊದಲು ಕೊಳ್ಳಬೇಕು.