ಗಜ್ಜರಿ ರಸವೋ, ಸೊಪ್ಪಿನ ಪಲ್ಯವೋ: ಮ್ಯಾಕ್ಯುಲಾ ಸವೆತಕ್ಕೆ ಯಾವ ತರಕಾರಿ?

ಪ್ರಶ್ನೆ: ಮಲಪ್ರಭೆಯ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ ಈಗ 68 ವರ್ಷ. ಎರಡು ತಿಂಗಳ ಹಿಂದೆ ಕನ್ನಡಕದ ನಂಬರ್ ತೋರಿಸಲೆಂದು ಕರೆದುಕೊಂಡು ಹೋಗಿದ್ದಾಗ, ಹನಿ ಹಾಕಿ ಕಣ್ಣಿನ ಒಳಭಾಗವನ್ನು ಪರೀಕ್ಷಿಸಿದ ವೈದ್ಯರು, ಎರಡೂ ಕಣ್ಣುಗಳ ಒಳಪದರದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ವಯಸ್ಸಿನಿಂದ ಬರುವ ಸವೆತದ ಆರಂಭದ ಲಕ್ಷಣಗಳಿವೆ, ಸದ್ಯಕ್ಕೆ ಔಷಧ ಬೇಡ, ತರಕಾರಿ ಚೆನ್ನಾಗಿ ತಿನ್ನಲಿ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಯಾವ ತರಕಾರಿ ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಪಕ್ಕದ ಮನೆಯವರ ಸಲಹೆಯಂತೆ ಅವ್ವ ಅಂದಿನಿಂದ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಗಜ್ಜರಿ ರಸ ಕುಡಿಯುತ್ತಿದ್ದಾರೆ. ಕಳೆದ ವಾರ ರೊಟ್ಟಿ ಬಡಿಯುತ್ತಿದ್ದಾಗ ಅವರ ಅಂಗೈ ಕಣ್ಣಿಗೆ ಬಿತ್ತು. ಜೋಳದ ಹಿಟ್ಟು ಅಂಟಿದ ಕಡೆ ಬಿಟ್ಟು ಉಳಿದದ್ದೆಲ್ಲ ಅರಿಸಿನ ತಿಕ್ಕಿದಂತೆ ಹಳದಿಯಾಗಿತ್ತು. ಕಾಮಾಲೆ ಇರಬಹುದೆಂದು ಹೆದರಿ ರಕ್ತ ಪರೀಕ್ಷೆ ಮಾಡಿಸಿದೆವು, ವರದಿಯಲ್ಲಿ ಏನೂ ದೋಷ ಕಾಣಲಿಲ್ಲ. ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಇದೆ.

ನನ್ನ ಸಂದೇಹಗಳು ಇಷ್ಟೇ. ಗಜ್ಜರಿ ರಸದಿಂದ ಈ ತೊಂದರೆಗೆ ನಿಜವಾಗಿ ಪ್ರಯೋಜನವಿದೆಯೇ? ಅಂಗೈ ಹಳದಿಯಾಗಿದ್ದಕ್ಕೆ ಅದೇ ಕಾರಣವೇ? ಔಷಧದ ಅಂಗಡಿಯವರು ಕಣ್ಣಿಗೆಂದೇ ಮಾರುವ ಕ್ಯಾಪ್ಸೂಲ್ ಒಂದನ್ನು ಕೊಟ್ಟಿದ್ದಾರೆ, ಅವ್ವ ಅದನ್ನಿನ್ನೂ ಶುರು ಮಾಡಿಲ್ಲ. ಆದರೆ ಮೊದಲಿನಿಂದಲೂ ಬೀಡಿ ಸೇದುವ ನಮ್ಮ ತಂದೆಯವರು ತಮಗೂ ಇರಲೆಂದು ಅದೇ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ನುಂಗುತ್ತಿದ್ದಾರೆ.

ಉತ್ತರ 1: ನಿವೃತ್ತ ನೇತ್ರವೈದ್ಯ

ಮೊದಲು ಅಂಗೈಯ ವಿಷಯ. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ ರಕ್ತದಲ್ಲಿ ಹೆಚ್ಚಾದಾಗ ಚರ್ಮದ ಹೊರಪದರದಲ್ಲಿ, ಅದರಲ್ಲೂ ಅಂಗೈ ಅಂಗಾಲುಗಳ ದಪ್ಪ ಚರ್ಮದಲ್ಲಿ ಸೇರಿಕೊಂಡು ಹಳದಿ ಬಣ್ಣ ಬರಿಸುತ್ತದೆ. ಕಾಮಾಲೆಯಲ್ಲಿ ಕಣ್ಣಿನ ಬಿಳಿಭಾಗವೂ ಹಳದಿಯಾಗುತ್ತದೆ, ಇದರಲ್ಲಿ ಅದು ಬೆಳ್ಳಗೇ ಉಳಿಯುತ್ತದೆ. ರಸ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಬಣ್ಣ ತಾನಾಗಿ ಇಳಿಯುತ್ತದೆ, ಹೆದರುವ ಅಗತ್ಯವಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಕ್ಯಾರೊಟಿನಾಯ್ಡ್ ಎಂಬ ಒಂದೇ ಹೆಸರಿನಡಿಯಲ್ಲಿ ಬರುವ, ಸಸ್ಯಗಳ ಹಳದಿ, ಕಿತ್ತಳೆ, ಕೆಂಪು ವರ್ಣಕಗಳು ಕಣ್ಣಿನಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಪಕ್ಕದ ಮನೆಯವರ ಸಲಹೆ ತಪ್ಪಿದ್ದು ಇಲ್ಲಿಯೇ. ಕ್ಯಾರೆಟ್, ಸಿಹಿಕುಂಬಳ, ಪರಂಗಿ ಹಣ್ಣು, ಮಾವಿನ ಹಣ್ಣುಗಳಲ್ಲಿರುವ ಬೀಟಾ ಕ್ಯಾರೋಟಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ರೊಡಾಪ್ಸಿನ್ ಎಂಬ ವರ್ಣಕ ತಯಾರಾಗಲು ಇದು ಬೇಕು, ಕಣ್ಣಿನ ಮೇಲ್ಪದರಗಳು ಒಣಗದಿರಲೂ ಬೇಕು. ಕೊರತೆಯಾದರೆ ಇರುಳುಗಣ್ಣು ಬರುತ್ತದೆ, ಕೊರತೆ ತೀವ್ರವಾದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಕರಗಿ ದೃಷ್ಟಿಯೇ ಹೋಗಬಹುದು. ಆದರೆ ಕೊರತೆಯೇ ಇಲ್ಲದವರು ಮೇಲೆ ಮೇಲೆ ಕುಡಿದ ಕ್ಯಾರೆಟ್ ರಸದಿಂದ ದೃಷ್ಟಿ ಇನ್ನಷ್ಟು ಹರಿತವಾಗುವುದಿಲ್ಲ, ಕನ್ನಡಕದ ನಂಬರ್ ಇಳಿಯುವುದೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನವರು, ತಮ್ಮ ವಿಮಾನ ಚಾಲಕರು ಕ್ಯಾರೆಟ್ ತಿಂದು ರಾತ್ರಿಯಲ್ಲಿ ಶತ್ರು ವಿಮಾನಗಳನ್ನು ಗುರುತಿಸುತ್ತಾರೆ ಎಂದು ಸುದ್ದಿ ಹಬ್ಬಿಸಿದ್ದರು. ನಿಜಕ್ಕೂ ಅವರ ವಿಮಾನಗಳಲ್ಲಿ ರಾಡಾರ್ ಇತ್ತು. ಆ ಸುದ್ದಿ ನಮ್ಮ ಕೇರಿಗಳವರೆಗೂ ಬಂದು ಇನ್ನೂ ಉಳಿದುಕೊಂಡಿದೆ.

ನಿಮ್ಮ ತಾಯಿಯವರ ತೊಂದರೆ ಇರುವುದು ಅಕ್ಷಿಪಟಲದ (ರೆಟಿನಾ) ನಟ್ಟನಡುವಿನ ಮ್ಯಾಕ್ಯುಲಾದಲ್ಲಿ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಈ ಭಾಗದ ಕೆಲಸ. ಇದಕ್ಕೆ ಹಳದಿ ಬಣ್ಣ ಬಂದಿರುವುದು ಲೂಟೀನ್ ಮತ್ತು ಜಿಯಾಕ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್‌ಗಳಿಂದ. ಇವು ಎ ಜೀವಸತ್ವವಾಗುವುದಿಲ್ಲ. ನೀಲಿ ಬೆಳಕನ್ನು ತಡೆಹಿಡಿಯುವ ತೆಳು ಪರದೆಯಂತೆ ಇದ್ದು, ಬೆಳಕು ಮತ್ತು ಆಮ್ಲಜನಕ ಸೇರಿ ಅಲ್ಲಿ ಉಂಟುಮಾಡುವ ಹಾನಿಯನ್ನು ತಗ್ಗಿಸುತ್ತವೆ. ದೇಹ ಇವುಗಳನ್ನು ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಬೇಯಿಸಿದ 100 ಗ್ರಾಂ ಪಾಲಕ್ ಸೊಪ್ಪಿನಲ್ಲಿ ಇವೆರಡೂ ಸೇರಿ ಸುಮಾರು 11 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಹಸಿ ಕ್ಯಾರೆಟ್‌ನಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಹಾರದಿಂದ ಅತಿ ಹೆಚ್ಚು ಕ್ಯಾರೊಟಿನಾಯ್ಡ್ ಪಡೆಯುತ್ತಿದ್ದವರಲ್ಲಿ ಮುಂದುವರಿದ ಮ್ಯಾಕ್ಯುಲಾ ಸವೆತದ ಅಪಾಯವು ಅತಿ ಕಡಿಮೆ ಪಡೆಯುತ್ತಿದ್ದವರಿಗಿಂತ ಶೇ. 43ರಷ್ಟು ಕಡಿಮೆ ಕಂಡುಬಂದಿತ್ತು. ಅದರಲ್ಲೂ ಪಾಲಕ್‌ನಂಥ ಹಸಿರು ಸೊಪ್ಪುಗಳ ಜೊತೆಗಿನ ನಂಟು ಎದ್ದು ಕಾಣುತ್ತಿತ್ತು. ಸೊಪ್ಪು ತಿನ್ನುವವರು ಇತರ ವಿಷಯಗಳಲ್ಲೂ ಆರೋಗ್ಯದ ಬಗ್ಗೆ ಎಚ್ಚರವಾಗಿರುತ್ತಾರೆ, ಆದ್ದರಿಂದ ಅಷ್ಟೂ ಶ್ರೇಯಸ್ಸನ್ನು ಸೊಪ್ಪಿಗೇ ಕೊಡಲಾಗದು. ಆದರೂ ನನ್ನ ರೋಗಿಗಳಿಗೆ ನಾನು ಹೇಳುತ್ತಿದ್ದುದು ಸೊಪ್ಪನ್ನೇ.

ಇನ್ನು ಕ್ಯಾಪ್ಸೂಲ್. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ 2001ರ ಪ್ರಯೋಗದಲ್ಲಿ ಸಿ ಮತ್ತು ಇ ಜೀವಸತ್ವ, ಸತು, ತಾಮ್ರ, ಬೀಟಾ ಕ್ಯಾರೋಟಿನ್ ಸೇರಿದ ಮಿಶ್ರಣವು, ಮಧ್ಯಮ ಹಂತದಲ್ಲಿದ್ದವರ ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು ಐದು ವರ್ಷಗಳಲ್ಲಿ ಸುಮಾರು ಶೇ. 25ರಷ್ಟು ತಗ್ಗಿಸಿತು. ಆರಂಭದ ಹಂತದವರಿಗೆ ಪ್ರಯೋಜನ ಕಾಣಲಿಲ್ಲ. ನಿಮ್ಮ ವೈದ್ಯರು ಔಷಧ ಬೇಡವೆಂದದ್ದು ಸರಿಯಾಗಿಯೇ ಇದೆ.

ತಂದೆಯವರ ವಿಷಯ ಮಾತ್ರ ತಡಮಾಡುವಂಥದ್ದಲ್ಲ. ಫಿನ್‌ಲೆಂಡ್‌ನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಮಾತ್ರೆ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು. ಅಮೆರಿಕದ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಆದ್ದರಿಂದಲೇ ಅದೇ ನೇತ್ರ ಸಂಸ್ಥೆಯ 2013ರ ಸುಧಾರಿತ ಮಿಶ್ರಣದಲ್ಲಿ ಬೀಟಾ ಕ್ಯಾರೋಟಿನ್ ಬದಲಿಗೆ 10 ಮಿಲಿಗ್ರಾಂ ಲೂಟೀನ್ ಮತ್ತು 2 ಮಿಲಿಗ್ರಾಂ ಜಿಯಾಕ್ಸಾಂಥಿನ್ ಬಂದವು. ತಂದೆಯವರು ನುಂಗುತ್ತಿರುವ ಕ್ಯಾಪ್ಸೂಲ್ ಪಟ್ಟಿಯ ಹಿಂಬದಿಯಲ್ಲಿ ಬೀಟಾ ಕ್ಯಾರೋಟಿನ್ ಇದೆಯೇ ಎಂದು ಇವತ್ತೇ ಓದಿ. ಅಪಾಯ ಕಂಡದ್ದು ಮಾತ್ರೆಯಲ್ಲಿ, ಊಟದ ಕ್ಯಾರೆಟ್‌ನಲ್ಲಲ್ಲ. ಮ್ಯಾಕ್ಯುಲಾ ಸವೆತಕ್ಕೆ ನಾವು ತಡೆಯಬಹುದಾದ ಕಾರಣಗಳಲ್ಲಿ ಧೂಮಪಾನವೇ ಮೊದಲನೆಯದು ಎಂಬುದನ್ನೂ ಅವರಿಗೆ ತಿಳಿಸಿ.

ಉತ್ತರ 2: ಅಡುಗೆಮನೆಯ ರಸಾಯನ (ಮಂಡ್ಯ)

ವೈದ್ಯರು ಏನು ತಿನ್ನಬೇಕೆಂದು ಹೇಳಿದ್ದಾರೆ, ಹೇಗೆ ಬೇಯಿಸಬೇಕೆಂದು ನಾನು ಸೇರಿಸುತ್ತೇನೆ. ಆಹಾರ ವಿಜ್ಞಾನದ ಪಾಠ ಹೇಳುತ್ತಲೇ ವಯಸ್ಸಾದವಳು ನಾನು.

ಕ್ಯಾರೊಟಿನಾಯ್ಡ್‌ಗಳು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಒಗ್ಗರಣೆಗೆ ಗಜ್ಜರಿ ತುರಿ ಹಾಕಿ ಎರಡು ನಿಮಿಷ ಕೈಯಾಡಿಸಿ, ಬಾಣಲೆಯ ಅಂಚಿನಲ್ಲಿ ನಿಂತ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಕರುಳು ಅವುಗಳನ್ನು ಹೀರಿಕೊಳ್ಳುವುದಕ್ಕೂ ಅದೇ ಎಣ್ಣೆ ಬೇಕು. ಖಾಲಿ ಹೊಟ್ಟೆಯಲ್ಲಿ ಕುಡಿದ ರಸಕ್ಕಿಂತ ಎಣ್ಣೆ, ಕಾಯಿತುರಿ ಬಿದ್ದ ಪಲ್ಯ ಮೇಲೆನ್ನಲು ಇದೇ ಕಾರಣ. ಸಕ್ಕರೆ ಕಾಯಿಲೆಯವರು ನಾರು ಸೋಸಿದ ರಸವನ್ನು ಲೋಟಗಟ್ಟಲೆ ಕುಡಿಯುವುದು ಹೇಗೂ ಒಳ್ಳೆಯದಲ್ಲ.

ನಮ್ಮ ಕಡೆಯ ಬಸ್ಸಾರನ್ನೇ ನೋಡಿ. ದಂಟಿನ ಸೊಪ್ಪು, ಬೇಳೆ ಬೇಯಿಸಿ ಬಸಿದಾಗ ಸಿ ಜೀವಸತ್ವ, ಫೋಲೇಟ್‌ಗಳಲ್ಲಿ ಒಂದು ಪಾಲು ಕಟ್ಟಿನ ಜೊತೆ ಸಾರಿಗೆ ಹೋಗುತ್ತದೆ. ಲೂಟೀನ್ ಮಾತ್ರ ಸೊಪ್ಪಿನಲ್ಲೇ ಉಳಿದು, ಒಗ್ಗರಣೆ ಬಿದ್ದ ಪಲ್ಯದಲ್ಲಿ ತಟ್ಟೆಗೆ ಬರುತ್ತದೆ. ಸಾರು ಮಾತ್ರ ಸುರಿದುಕೊಂಡು ಪಲ್ಯವನ್ನು ತಟ್ಟೆಯಂಚಿಗೆ ತಳ್ಳುವ ಗಂಡಸರು ಕಣ್ಣಿನ ಪಾಲನ್ನು ಅಲ್ಲೇ ಬಿಟ್ಟು ಏಳುತ್ತಾರೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಮಸ್ಸೊಪ್ಪಿನಲ್ಲಿ ಈ ತಾಪತ್ರಯವಿಲ್ಲ. ಮಸೆಯುವುದರಿಂದ ಎಲೆಯ ಕೋಶಗಳು ಒಡೆದು ಲೂಟೀನ್ ಸುಲಭವಾಗಿ ಹೊರಬರುತ್ತದೆ.

ನಿಮ್ಮ ಕಡೆ ರಾಜಗಿರಿ, ಮೆಂತ್ಯ, ನುಗ್ಗೆ ತಪ್ಪಲು ಧಾರಾಳವಾಗಿ ಸಿಗುತ್ತವೆ, ಪಾಲಕ್‌ಗೇ ಜೋತುಬೀಳಬೇಕಾಗಿಲ್ಲ. ನುಗ್ಗೆ ಸೊಪ್ಪು ಒಣಗಿಸಿ ಪುಡಿ ಮಾಡುವುದಾದರೆ ನೆರಳಿನಲ್ಲಿ ಒಣಗಿಸಿ, ಬಿಸಿಲು ಈ ವರ್ಣಕಗಳನ್ನು ಹಾಳುಮಾಡುತ್ತದೆ. ಮೊಟ್ಟೆ ತಿನ್ನುವವರಾದರೆ ಹಳದಿ ಭಾಗದಲ್ಲಿ ಲೂಟೀನ್ ಪ್ರಮಾಣ ಕಡಿಮೆಯಿದ್ದರೂ ಚೆನ್ನಾಗಿ ಮೈಗೆ ಹತ್ತುತ್ತದೆ. ಬಣ್ಣ ನೋಡಿ ಮೋಸಹೋಗಬೇಡಿ: ಬೀಟ್‌ರೂಟ್‌ನ ಕೆಂಪು ಕ್ಯಾರೊಟಿನಾಯ್ಡ್ ಅಲ್ಲ, ಟೊಮೆಟೊದ ಕೆಂಪು ಕ್ಯಾರೊಟಿನಾಯ್ಡ್ ಹೌದು, ಆದರೆ ಅದು ಮ್ಯಾಕ್ಯುಲಾದ ವರ್ಣಕವಲ್ಲ. ಸೊಪ್ಪಿನಲ್ಲಿ ಹಳದಿ ಇದ್ದರೂ ಪತ್ರಹರಿತ್ತು ಅದನ್ನು ಮುಚ್ಚಿಟ್ಟಿರುತ್ತದೆ.

ಅಂದಹಾಗೆ, ಕ್ಯಾಪ್ಸೂಲಿನ ಲೂಟೀನನ್ನು ಹೆಚ್ಚಾಗಿ ಚೆಂಡು ಹೂವಿನಿಂದ ತೆಗೆಯುತ್ತಾರೆ. ಗುಂಡ್ಲುಪೇಟೆಯ ಹೊಲಗಳಲ್ಲಿ ಕಾರ್ಖಾನೆಗೆಂದೇ ಬೆಳೆಯುವ ಹೂ ಅದು.

ಎಚ್ಚರಿಕೆಯ ಮಾತೂ ಇದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರಲ್ಲಿರುವ ಕೆ ಜೀವಸತ್ವ ಔಷಧದ ಪರಿಣಾಮವನ್ನು ಕುಗ್ಗಿಸುತ್ತದೆ. ಮೂತ್ರಪಿಂಡದ ಕಲ್ಲು ಇದ್ದವರಿಗೆ ಪಾಲಕ್‌ನ ಆಕ್ಸಲೇಟ್ ತೊಂದರೆ ಕೊಡಬಹುದು.

ಉತ್ತರ 3: ಅಂಗನವಾಡಿ ಕಾರ್ಯಕರ್ತೆ

ಇರುಳುಗಣ್ಣಿನ ಮಾತು ಬಂದುದರಿಂದ ಒಂದು ವಿಷಯ ಹೇಳಬಯಸುತ್ತೇನೆ. ದೊಡ್ಡವರಿಗೆ ಕ್ಯಾರೆಟ್ ರಸದಿಂದ ಲಾಭವಿಲ್ಲ ಎಂಬುದನ್ನು ಓದಿ ಯಾರೂ ಮಕ್ಕಳ ಬಾಯಿಗೆ ಹಾಕಿಸುವ ಎ ಜೀವಸತ್ವದ ಹನಿಯನ್ನು ತಪ್ಪಿಸಬಾರದು. ಎ ಜೀವಸತ್ವದ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಈಗ ಒಂಬತ್ತು ತಿಂಗಳಿಗೆ ದಡಾರ ಲಸಿಕೆಯ ಜೊತೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಕೊಡುತ್ತೇವೆ. ಮುಸ್ಸಂಜೆಯಾಗುತ್ತಿದ್ದಂತೆ ಮಗು ಆಟ ಬಿಟ್ಟು ಒಂದೇ ಕಡೆ ಕೂತರೆ, ಹೊಸ್ತಿಲು ತಡವರಿಸಿದರೆ, ಕಣ್ಣಿನ ಬಿಳಿಭಾಗದಲ್ಲಿ ಸೋಪಿನ ನೊರೆಯಂಥ ಮಚ್ಚೆ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹನಿಯ ಪ್ರಮಾಣವನ್ನು ಮನೆಯಲ್ಲಿ ಹೆಚ್ಚಿಸುವಂತಿಲ್ಲ, ಅತಿಯಾದರೆ ಎ ಜೀವಸತ್ವ ವಿಷವಾಗುತ್ತದೆ. ಸೊಪ್ಪು, ಕುಂಬಳಗಳಿಗೆ ಆ ಭಯವಿಲ್ಲ. ದೇಹ ತನಗೆ ಬೇಕಾದಷ್ಟನ್ನೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ.

ಮಲಪ್ರಭೆಯ ದಂಡೆ (ಮರುಪ್ರಶ್ನೆ)

ಮೂವರಿಗೂ ಧನ್ಯವಾದಗಳು. ಅವ್ವನ ಕಣ್ಣಿನ ಬಿಳಿಭಾಗವನ್ನು ಬಾಗಿಲ ಬೆಳಕಿನಲ್ಲಿ ನೋಡಿದೆ, ಬೆಳ್ಳಗಿದೆ. ರಸ ಇವತ್ತಿನಿಂದ ನಿಂತಿತು. ಕ್ಯಾಪ್ಸೂಲ್ ಪಟ್ಟಿಯ ಹಿಂಬದಿಯ ಅಕ್ಷರಗಳನ್ನು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ. ಬೀಟಾ ಕ್ಯಾರೋಟಿನ್ 15 ಮಿಲಿಗ್ರಾಂ ಎಂದಿದೆ. ಅಪ್ಪ ಮೂರು ವಾರ ನುಂಗಿದ್ದಾರೆ. ಏನಾದರೂ ಪರೀಕ್ಷೆ ಮಾಡಿಸಬೇಕೇ? ಆರು ತಿಂಗಳು ತುಂಬುವ ಮೊದಲೇ ಅವ್ವನನ್ನು ತೋರಿಸಬೇಕಾದ ಲಕ್ಷಣ ಯಾವುದು?

ನಿವೃತ್ತ ನೇತ್ರವೈದ್ಯ

ಆ ಪ್ರಯೋಗಗಳಲ್ಲಿ ಮಾತ್ರೆ ನುಂಗಿದ್ದು ವರ್ಷಗಟ್ಟಲೆ. ಮೂರು ವಾರಕ್ಕೆ ಗಾಬರಿಯಾಗಬೇಡಿ, ನಿಲ್ಲಿಸಿದರೆ ಸಾಕು. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಇದ್ದರೆ ಕ್ಯಾಪ್ಸೂಲಿನ ಲೆಕ್ಕ ಬಿಟ್ಟು ಬೀಡಿಯ ಲೆಕ್ಕದಲ್ಲೇ ವೈದ್ಯರಿಗೆ ತೋರಿಸಬೇಕು.

ತಾಯಿಯವರಿಗೆ ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿಕೊಂಡು, ಓದುವ ಕನ್ನಡಕ ಹಾಕಿ, ಚೌಕುಳಿ ಗೆರೆಗಳ ಹಾಳೆಯ ನಡುವಿನ ಚುಕ್ಕೆಯನ್ನು ನೋಡಲು ಹೇಳಿ. ಹಾಳೆ ಇಲ್ಲದಿದ್ದರೆ ಕಿಟಕಿಯ ಸರಳುಗಳಾದರೂ ಆಗುತ್ತವೆ. ನೇರ ಗೆರೆ ಡೊಂಕಾಗಿ ಕಂಡರೆ, ನಡುವೆ ಮಸುಕು ಕಲೆ ನಿಂತರೆ, ಆರು ತಿಂಗಳು ಕಾಯದೆ ಒಂದೆರಡು ದಿನಗಳೊಳಗೆ ಹೋಗಿ. ಕಣ್ಣಿನೊಳಗೆ ಹೊಸ ರಕ್ತನಾಳ ಬೆಳೆದು ಸೋರುತ್ತಿದ್ದರೆ ಚುಚ್ಚುಮದ್ದು ಬೇಗ ಸಿಕ್ಕಷ್ಟೂ ದೃಷ್ಟಿ ಉಳಿಯುತ್ತದೆ, ಆ ಹಂತದಲ್ಲಿ ಯಾವ ಸೊಪ್ಪೂ ಅದಕ್ಕೆ ಬದಲಾಗದು. ಸಕ್ಕರೆ ಕಾಯಿಲೆಯೂ ಅಕ್ಷಿಪಟಲಕ್ಕೆ ಹಾನಿ ಮಾಡುವುದರಿಂದ, ಮುಂದಿನ ಭೇಟಿಗೆ ಹೋಗುವಾಗ ರಕ್ತದಲ್ಲಿನ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ವರದಿಯನ್ನೂ ಜೊತೆಗೆ ಕೊಂಡೊಯ್ಯಿರಿ.