ಮೇವನ್ ಹಳೆಯ ವರ್ಷನ್ನನ್ನೇ ಯಾಕೆ ಆರಿಸುತ್ತದೆ?

ಪ್ರಶ್ನೆ:
ಜಾವಾ ಪ್ರೋಗ್ರಾಂ ಕಟ್ಟುವ ಮೇವನ್ ಟೂಲಿನಲ್ಲಿ ಬಿಲ್ಡ್ ಸರಿಯಾಗಿ ಆಗುತ್ತದೆ, ಆದರೆ ರನ್ ಮಾಡಿದ ತಕ್ಷಣ, ಕರೆದ ಮೆಥಡ್ ಇಲ್ಲ ಅನ್ನುವ ನೋಸಚ್‌ಮೆಥಡ್‌ಎರರ್. ನಾನು ಬಳಸುವ ಎರಡು ಲೈಬ್ರರಿಗಳು ಗೂಗಲ್‌ನ ಗ್ವಾವಾ ಎಂಬ ಜಾವಾ ಲೈಬ್ರರಿಯನ್ನು ಎಳೆದುಕೊಂಡು ಬರುತ್ತವೆ, ಒಂದಕ್ಕೆ ಅದರ ವರ್ಷನ್ 31 ಬೇಕು, ಇನ್ನೊಂದಕ್ಕೆ 19. ಕೊನೆಗೆ ಸಿಗುವುದು 19. ಹೊಸದನ್ನೇ ತಗೋಬೇಕಲ್ವಾ?

ಉತ್ತರ 1:
ಇಲ್ಲ, ಇಲ್ಲಿ ಮೇವನ್ ಯಾವುದು ಹೊಸದು ಅಂತ ನೋಡುವುದಿಲ್ಲ. ನಿಮ್ಮ ಪ್ರಾಜೆಕ್ಟ್‌ಗೆ ಯಾವುದು ಹತ್ತಿರವೋ, ಅಂದರೆ ಡಿಪೆಂಡೆನ್ಸಿಗಳ (ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳ) ಸರಪಳಿಯಲ್ಲಿ ಯಾವುದು ಕಡಿಮೆ ಹಂತದಲ್ಲಿ ಸಿಗುತ್ತದೋ, ಅದನ್ನು ಆರಿಸುತ್ತದೆ, ಎರಡೂ ಒಂದೇ ದೂರದಲ್ಲಿದ್ದರೆ ಪಾಮ್ ಫೈಲಿನಲ್ಲಿ (ಮೇವನ್‌ನ ಸೆಟ್ಟಿಂಗ್ ಫೈಲ್) ಮೊದಲು ಬರೆದದ್ದಕ್ಕೆ ಜಾಗ. ಇಂಥದ್ದೇ ಇನ್ನೊಂದು ಟೂಲ್ ಗ್ರೇಡಲ್ ಹಾಗಲ್ಲ, ಸಾಮಾನ್ಯವಾಗಿ ದೊಡ್ಡ ವರ್ಷನ್ನನ್ನೇ ಹಿಡಿಯುತ್ತದೆ. ಡಿಪೆಂಡೆನ್ಸಿ ಟ್ರೀ ಕಮಾಂಡನ್ನು ವರ್ಬೋಸ್ (ಪೂರ್ತಿ ವಿವರ ತೋರಿಸುವ ಆಯ್ಕೆ) ಹಾಕಿ ಓಡಿಸಿ. ಕೈಬಿಟ್ಟ ವರ್ಷನ್ ಪಕ್ಕದಲ್ಲೇ 'ಆಮಿಟೆಡ್ ಫಾರ್ ಕಾನ್‌ಫ್ಲಿಕ್ಟ್' ಅಂತ ಕಾಣುತ್ತದೆ.

ಉತ್ತರ 2:
ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಭಾಗದ ಒಳಗೆ (ಪಾಮ್ ಫೈಲಿನಲ್ಲಿ) ಗ್ವಾವಾ 31 ಅಂತ ಒಂದೇ ಕಡೆ ಬರೆಯಿರಿ. ಸುಮ್ನೆ ಎಲ್ಲ ಕಡೆ, ಒಂದು ಲೈಬ್ರರಿ ತರುವುದನ್ನು ಬೇಡ ಎನ್ನುವ ಎಕ್ಸ್‌ಕ್ಲೂಷನ್ ಹಾಕಬೇಡಿ, ಆರು ತಿಂಗಳಾದ ಮೇಲೆ ಅದು ಯಾಕಿದೆ ಅಂತ ಯಾರಿಗೂ ನೆನಪಿರುವುದಿಲ್ಲ. ಆದರೆ ಹುಷಾರು, 19ರಲ್ಲಿದ್ದ ಆಬ್ಜೆಕ್ಟ್ಸ್ ಕ್ಲಾಸಿನ ಟುಸ್ಟ್ರಿಂಗ್‌ಹೆಲ್ಪರ್ ಮೆಥಡ್ಡನ್ನು 21ರಲ್ಲೇ ತೆಗೆದಿದ್ದಾರೆ. ಹಳೆಯ ಲೈಬ್ರರಿ ಅದನ್ನು ಕರೆಯುತ್ತಿದ್ದರೆ ಇದೇ ಎರರ್ ಆ ಕಡೆಯಿಂದ ಬರುತ್ತದೆ.

ಪ್ರಶ್ನೆ ಕೇಳಿದವರು:
ಹಾಗೇ ಆಯಿತು! ಆ ಹಳೆಯ ಲೈಬ್ರರಿಯ ಹೊಸ ವರ್ಷನ್ ಹಾಕಿದೆ, ಈಗ ಓಡುತ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.