ಬಿಸಿಲಿಗೆ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಮೂರು ರಾಡ್‌ಗೇ ನಿಲ್ಲುತ್ತಿದೆ, ಥರ್ಮಲ್ ಸ್ವಿಚ್ (ಬಿಸಿ ಜಾಸ್ತಿಯಾದಾಗ ಮೆಷಿನ್ ನಿಲ್ಲಿಸುವ ಸ್ವಿಚ್) ತೆಗೆಸಬಹುದಾ?

ಮಾನ್ವಿ_ಗೇಟ್_ಗ್ರಿಲ್

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆ ಮಾನ್ವಿ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡುತ್ತೇನೆ. ಹೋದ ದೀಪಾವಳಿಗೆ ಹೊಸ ಇನ್ವರ್ಟರ್ ಮೆಷಿನ್ ತಗೊಂಡೆ, ಹೆಸರಲ್ಲೇ 250 ಅಂತ ಇದೆ. ಚಳಿಗಾಲದಲ್ಲಿ ಗ್ರಿಲ್ ಕೆಲಸ ಬೆಳಗಿನಿಂದ ಸಂಜೆವರೆಗೆ ಮಾಡಿದರೂ ಒಂದು ದಿನವೂ ನಿಂತಿಲ್ಲ.

ಈಗ ಟ್ರಾಲಿ ಚಾಸಿಗೆ ಹೊಸ ಚಾನಲ್ ಕೂರಿಸುವ ಕೆಲಸ ಬಂದಿದೆ. 8 ನಂಬರ್ ರಾಡ್ (ನಂಬರ್ ಕಡಿಮೆಯಾದಷ್ಟೂ ರಾಡ್ ದಪ್ಪ), 165 ಆಂಪ್ಸ್. ನಾನು ವೆಲ್ಡಿಂಗ್ ಮಾಡುತ್ತಾ ಹೋಗುತ್ತೇನೆ, ಹುಡುಗ ಹಿಂದೆಯೇ ಸ್ಲ್ಯಾಗ್ (ವೆಲ್ಡಿಂಗ್ ಮೇಲೆ ಕೂರುವ ಗಟ್ಟಿ ಪದರ) ಒಡೆಯುತ್ತಾ ಬರುತ್ತಾನೆ, ಹಾಗಾಗಿ ರಾಡ್ ಮುಗಿದ ತಕ್ಷಣ ಇನ್ನೊಂದು ರಾಡ್. ಮೂರನೇ ರಾಡ್ ಮುಗಿಯುವಷ್ಟರಲ್ಲಿ ಹಳದಿ ಲೈಟು ಹತ್ತುತ್ತದೆ, ಆರ್ಕ್ ನಿಂತುಹೋಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಇಪ್ಪತ್ತು ನಿಮಿಷ ಕಾದರೆ ಮತ್ತೆ ಎರಡು ರಾಡ್, ಮತ್ತೆ ಅದೇ ಕಥೆ. ಇಲ್ಲಿ ಭತ್ತದ ಕಟಾವು ಶುರುವಾಗಿದೆ, ಟ್ರಾಲಿ ಯಜಮಾನರು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಊರಿನ ಒಬ್ಬ ಮೆಕ್ಯಾನಿಕ್ ನೋಡಿ, "ಒಳಗೆ ಬಿಸಿ ಎಳೆಯೋ ಲೋಹದ ತುಂಡು, ಹೀಟ್‌ಸಿಂಕ್ ಮೇಲೆ ನಾಣ್ಯದಷ್ಟು ಸಣ್ಣ ಸ್ವಿಚ್ ಇದೆ, ಅದರ ಎರಡು ವೈರ್ ಸೇರಿಸಿಬಿಡ್ತೀನಿ, ಆಮೇಲೆ ನಿಲ್ಲೋದೇ ಇಲ್ಲ" ಅಂದರು. ಮಾಡಿಸಲಾ? ಅಥವಾ ಮೆಷಿನ್ನೇ ಕೆಟ್ಟಿದೆಯಾ?

ಪೀಣ್ಯ_ಶಾಪ್‌ಫ್ಲೋರ್

ಮಾಡಿಸಬೇಡಿ ಅಣ್ಣ. ಮೊದಲು ಮೆಷಿನ್ ಹಿಂದೆ ಅಥವಾ ಪಕ್ಕದಲ್ಲಿ ಒಂದು ಪ್ಲೇಟ್ ಇರುತ್ತದೆ, ಅದನ್ನು ಒರೆಸಿ ಓದಿ. ಹೆಸರಲ್ಲಿರುವ 250 ಲೆಕ್ಕಕ್ಕೆ ಬರುವುದಿಲ್ಲ, ಅದು ಬರೀ ಮಾಡೆಲ್ ನಂಬರ್ ಇರಬಹುದು. ಪ್ಲೇಟ್‌ನಲ್ಲಿ 'ಎಕ್ಸ್' ಅಂತ ಒಂದು ಸಾಲಿರುತ್ತದೆ, ಪಕ್ಕದಲ್ಲಿ ಶೇಕಡಾ. ಅದೇ ಡ್ಯೂಟಿ ಸೈಕಲ್. ಅದರ ಕೆಳಗೆ 'ಐ2' ಸಾಲಿನಲ್ಲಿ ಆಂಪ್ಸ್. ಇವೆರಡನ್ನೂ ಜೋಡಿಯಾಗಿಯೇ ಓದಬೇಕು.

ಡ್ಯೂಟಿ ಸೈಕಲ್ ಲೆಕ್ಕ 10 ನಿಮಿಷದ್ದು. 60% ಅಂದರೆ ಹತ್ತು ನಿಮಿಷದಲ್ಲಿ 6 ನಿಮಿಷ ಆರ್ಕ್, 4 ನಿಮಿಷ ವಿಶ್ರಾಂತಿ. ಇದನ್ನು ತುಂಬಾ ಜನ ಗಂಟೆಗೆ 36 ನಿಮಿಷ ಒಂದೇ ಸಮ ಹೊಡೆಯಬಹುದು ಅಂತ ತಿಳಿದುಕೊಳ್ಳುತ್ತಾರೆ, ಅದು ತಪ್ಪು. ಇನ್ನೊಂದು ವಿಷಯ, ಈ ಅಂಕಿಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ಇದೆ ಅಂತ ಇಟ್ಟುಕೊಂಡು ಕೊಡುತ್ತಾರೆ. ಕೆಲವು ಸಣ್ಣ ಹವ್ಯಾಸಿ ಮೆಷಿನ್‌ಗಳಲ್ಲಿ 20 ಡಿಗ್ರಿಗೇ ಕೊಟ್ಟಿರುತ್ತಾರೆ, ಅದು ಇನ್ನೂ ಮೋಸ. ನಿಮ್ಮ ಕಡೆ ಏಪ್ರಿಲ್, ಮೇನಲ್ಲಿ ನೆರಳಲ್ಲೇ 40 ದಾಟುತ್ತದೆ ಅಲ್ವಾ. ತಗಡಿನ ಶೀಟ್ ಕೆಳಗೆ ಮೆಷಿನ್ ಇಟ್ಟರೆ ಅದು ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿ ಇರುತ್ತದೆ ಯೋಚಿಸಿ.

ಮುಖ್ಯವಾಗಿ, ಹಳದಿ ಲೈಟು ಬಂದಾಗ ಮೇನ್ ಆಫ್ ಮಾಡಲೇಬೇಡಿ. ಆಫ್ ಮಾಡಿದರೆ ಫ್ಯಾನ್ ನಿಲ್ಲುತ್ತದೆ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಇಪ್ಪತ್ತು ನಿಮಿಷ ಕಾಯುತ್ತಿರುವುದಕ್ಕೆ ಅರ್ಧ ಕಾರಣ ಅದೇ. ಆನ್ ಇಟ್ಟು ಫ್ಯಾನ್ ತಿರುಗಲು ಬಿಡಿ. ಪ್ಲೇಟ್ ಫೋಟೋ ಹಾಕಿ, ಲೆಕ್ಕ ಮಾಡೋಣ.

ದಾವಣಗೆರೆ_ಆಯಿಲ್‌ಕೂಲ್ಡ್

ಇದಕ್ಕೇ ನಾನು ಇನ್ವರ್ಟರ್ ತಗೊಳ್ಳಲಿಲ್ಲ. ನಮ್ಮ ಹತ್ತಿರ ಚಕ್ರದ ಮೇಲಿನ ಹಳೇ ಆಯಿಲ್ ಕೂಲ್ಡ್ ಟ್ರಾನ್ಸ್‌ಫಾರ್ಮರ್ ಇದೆ, ನಮ್ಮಪ್ಪನ ಕಾಲದ್ದು. 8 ನಂಬರ್ ರಾಡ್ ಪ್ಯಾಕೆಟ್‌ಗಟ್ಟಲೆ ಉರಿಸಿದ್ದೇವೆ, ಒಂದು ಸಲವೂ ಟ್ರಿಪ್ ಆಗಿಲ್ಲ. ಕರೆಂಟ್ ಜಾಸ್ತಿ ಎಳೆಯುತ್ತದೆ, ಎತ್ತಲು ನಾಲ್ಕು ಜನ ಬೇಕು, ಅದು ನಿಜ. ಆದರೆ ಭಾರೀ ಕೆಲಸಕ್ಕೆ ಅದೇ ಸರಿ.

ಬೋರ್ಡ್_ರಿಪೇರಿ_ಹುಬ್ಬಳ್ಳಿ

ದಾವಣಗೆರೆ ಅಣ್ಣ, ನಿಮ್ಮ ಮೆಷಿನ್ ಗಟ್ಟಿ, ಒಪ್ಪುತ್ತೇನೆ. ಆದರೆ ಅದು ಟ್ರಿಪ್ ಆಗಿಲ್ಲ ಅಂದರೆ ಬಿಸಿಯಾಗಿಲ್ಲ ಅಂತಲ್ಲ. ಅಂಥ ಹಳೆಯವುಗಳಲ್ಲಿ ಎಷ್ಟೋ ಮೆಷಿನ್‌ಗೆ ಟ್ರಿಪ್ ಮಾಡುವ ಸ್ವಿಚ್ಚೇ ಇರುವುದಿಲ್ಲ. ಒಳಗೆ ಅಷ್ಟೊಂದು ಎಣ್ಣೆ ಇರುವುದರಿಂದ ಬಿಸಿ ಏರಲು ಗಂಟೆಗಟ್ಟಲೆ ಬೇಕು, ಇಳಿಯಲೂ ಗಂಟೆಗಟ್ಟಲೆ ಬೇಕು. ಸಂಜೆ ಹೊತ್ತಿಗೆ ಟ್ಯಾಂಕ್ ಮೇಲೆ ಕೈ ಇಡಲು ಆಗದಿದ್ದರೆ, ಒಳಗೆ ತಾಮ್ರದ ಸುತ್ತಿನ ಇನ್ಸುಲೇಷನ್ ನಿಧಾನಕ್ಕೆ ಹಾಳಾಗುತ್ತಿರಬಹುದು. ಮಿತಿ ದಾಟಿ 10 ಡಿಗ್ರಿ ಹೆಚ್ಚಾದರೆ ಇನ್ಸುಲೇಷನ್ ಆಯುಷ್ಯ ಹೆಚ್ಚುಕಡಿಮೆ ಅರ್ಧ ಆಗುತ್ತದೆ ಅನ್ನುವುದು ಮೋಟಾರ್ ಸುತ್ತುವವರೆಲ್ಲ ಹೇಳುವ ಲೆಕ್ಕ. ಎಣ್ಣೆ ಮಟ್ಟ ನೋಡಿಕೊಳ್ಳುತ್ತಿರಿ.

ಮಾನ್ವಿ ಅಣ್ಣ, ಆ ಎರಡು ವೈರ್ ವಿಷಯ. ನನ್ನ ಮೇಜಿನ ಮೇಲೆ ಈಗಲೂ ಅಂಥದೇ ಒಂದು ಮೆಷಿನ್ ಬಿದ್ದಿದೆ. ಕವರ್ ಬಿಚ್ಚಿದರೆ ಮೊದಲು ಕಾಣುವುದು ಬೋರ್ಡ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕರೀ ಧೂಳು, ಮುಟ್ಟಿದರೆ ಬೆರಳಿಗೆ ಕಬ್ಬಿಣದ ಪುಡಿ ಚುಚ್ಚುತ್ತದೆ. ಥರ್ಮಲ್ ಸ್ವಿಚ್‌ನ ಎರಡು ಬಿಳಿ ವೈರ್ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪ್ ಕರಗಿ ಜಾರಿದೆ. ಹೀಟ್‌ಸಿಂಕ್ ಮೇಲೆ ನಾಲ್ಕು ಐಜಿಬಿಟಿ (ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಇದ್ದವು, ಎರಡರ ಹೊಟ್ಟೆ ಸೀಳಿ ಹೋಗಿದೆ. ಅವು ಹೋಗುವಾಗ ಡ್ರೈವರ್ ಬೋರ್ಡನ್ನೂ ಜತೆಗೆ ಕರೆದುಕೊಂಡು ಹೋಗಿವೆ, ತಾಮ್ರದ ಟ್ರ್ಯಾಕ್ ಹಪ್ಪಳದ ಹಾಗೆ ಎದ್ದಿದೆ. ರಿಪೇರಿಗೆ ಹೊಸ ಮೆಷಿನ್‌ನ ಅರ್ಧಕ್ಕಿಂತ ಜಾಸ್ತಿ ದುಡ್ಡು ಆಗುತ್ತದೆ ಅಂದಾಗ ಆ ಹುಡುಗ ಏನೂ ಮಾತಾಡದೆ ಕೂತುಬಿಟ್ಟ. ನನಗೆ ತುಂಬಾ ಬೇಜಾರಾಯಿತು, ಏಕೆಂದರೆ ಆ ಸ್ವಿಚ್ ಇದ್ದಿದ್ದರೆ ಮೆಷಿನ್ ಬರೀ ನಿಲ್ಲುತ್ತಿತ್ತು, ಸಾಯುತ್ತಿರಲಿಲ್ಲ.

ಧೂಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಗ್ರೈಂಡರ್ ಕಿಡಿ ಹಾರುವ ಕಡೆ ಮೆಷಿನ್ ಇಡಬೇಡಿ, ಫ್ಯಾನ್ ಅದನ್ನೆಲ್ಲ ಒಳಗೆ ಎಳೆಯುತ್ತದೆ. ಅದು ಕಬ್ಬಿಣದ ಪುಡಿ, ಬೋರ್ಡ್ ಶಾರ್ಟ್ ಮಾಡುತ್ತದೆ. ಒಂದೆರಡು ತಿಂಗಳಿಗೊಮ್ಮೆ ಒಣ ಗಾಳಿಯಲ್ಲಿ ಕಡಿಮೆ ಪ್ರೆಷರ್ ಇಟ್ಟು ಊದಿ. ಪ್ಲಗ್ ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಗೊತ್ತಿಲ್ಲದೆ ಕವರ್ ಬಿಚ್ಚಬೇಡಿ. ಹೊರಗಿನ ಜಾಲರಿಯಿಂದ ಊದಿದರೂ ಸಾಕು.

ಮಾನ್ವಿ_ಗೇಟ್_ಗ್ರಿಲ್

ಎಲ್ಲರಿಗೂ ಧನ್ಯವಾದ. ವೈರ್ ಸೇರಿಸುವ ಯೋಚನೆ ಬಿಟ್ಟೆ. ಪ್ಲೇಟ್ ಓದಿದೆ, ಫೋಟೋ ಸರಿಯಾಗಿ ಬರಲಿಲ್ಲ, ಟೈಪ್ ಮಾಡುತ್ತೇನೆ: 30% ಗೆ 200 ಆಂಪ್ಸ್, 60% ಗೆ 141, 100% ಗೆ 110. 250 ಎಲ್ಲೂ ಇಲ್ಲ! ಮೀಟರ್ ಹಿಡಿದು ವೋಲ್ಟೇಜ್ ಕೂಡ ನೋಡಿದೆ. ವೆಲ್ಡಿಂಗ್ ನಡೆಯುವಾಗ ಬೋರ್ಡ್‌ನಲ್ಲಿ 215 ಇತ್ತು, ಮೆಷಿನ್ ಹತ್ತಿರ 188. ಅಂಗಳದಲ್ಲಿ ಟ್ರಾಲಿ ನಿಂತಿದೆ, ಅಲ್ಲಿಗೆ 30 ಮೀಟರ್ ಎಕ್ಸ್‌ಟೆನ್ಷನ್ ಎಳೆದಿದ್ದೇನೆ.

ಪೀಣ್ಯ_ಶಾಪ್‌ಫ್ಲೋರ್

ಹಾಗಾದರೆ ಮೆಷಿನ್ ಕೆಟ್ಟಿಲ್ಲ. ಲೆಕ್ಕ ನೋಡಿ. ಬಿಸಿ ಆಂಪ್ಸ್ ಜತೆ ನೇರವಾಗಿ ಏರುವುದಿಲ್ಲ, ಅದರ ವರ್ಗದ ಹಾಗೆ ಏರುತ್ತದೆ. 200 ನ್ನು 165 ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 1.47 ಬರುತ್ತದೆ. ಅದನ್ನು 30 ರಿಂದ ಗುಣಿಸಿದರೆ 44. ಅಂದರೆ 165 ಆಂಪ್ಸ್‌ನಲ್ಲಿ ನಿಮ್ಮ ಮೆಷಿನ್ ಹತ್ತು ನಿಮಿಷಕ್ಕೆ ನಾಲ್ಕೂವರೆ ನಿಮಿಷಕ್ಕಿಂತ ತುಸು ಕಡಿಮೆ ಕೆಲಸ ಮಾಡಬಲ್ಲದು. 8 ನಂಬರ್ ರಾಡ್ ಒಂದು ಉರಿಯಲು ಒಂದೂವರೆ ನಿಮಿಷ ಅಂದರೂ ಮೂರು ರಾಡ್‌ಗೆ ಸರಿಹೋಯಿತಲ್ಲ. ಐಜಿಬಿಟಿಗೆ ಈ ಲೆಕ್ಕ ಪಕ್ಕಾ ಕೂರುವುದಿಲ್ಲ, ಆದರೂ ನಿಮ್ಮ ಪ್ಲೇಟ್‌ನ 141, 110 ಎರಡೂ ಇದೇ ಲೆಕ್ಕದಲ್ಲಿ ಬಂದಿವೆ, ನೀವೇ ಗುಣಿಸಿ ನೋಡಿ.

ಗ್ರಿಲ್ ಕೆಲಸದಲ್ಲಿ ಯಾಕೆ ನಿಲ್ಲಲಿಲ್ಲ? 12 ನಂಬರ್ ರಾಡ್‌ಗೆ ಸುಮಾರು 75 ಆಂಪ್ಸ್ ಇಟ್ಟಿರುತ್ತೀರಿ. 165 ಕ್ಕೆ ಹೋಲಿಸಿದರೆ ತಾಮ್ರದಲ್ಲಿ ಹುಟ್ಟುವ ಬಿಸಿ ಐದನೇ ಒಂದು ಪಾಲು. ಮೇಲಾಗಿ ಒಬ್ಬರೇ ಮಾಡುವಾಗ ರಾಡ್ ಬದಲಿಸುವುದು, ಸ್ಲ್ಯಾಗ್ ಒಡೆಯುವುದು, ಆ್ಯಂಗಲ್ ಹೊಂದಿಸುವುದು, ಇದರಲ್ಲೇ ಮೆಷಿನ್‌ಗೆ ವಿಶ್ರಾಂತಿ ಸಿಕ್ಕಿಬಿಡುತ್ತದೆ. ಈಗ ಹುಡುಗ ಸ್ಲ್ಯಾಗ್ ಒಡೆಯುತ್ತಿರುವುದರಿಂದ ನಿಮ್ಮ ಸಮಯ ಉಳಿಯಿತು, ಮೆಷಿನ್‌ನ ವಿಶ್ರಾಂತಿ ಹೋಯಿತು.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ರನ್ (ವೆಲ್ಡಿಂಗ್‌ನ ಮೊದಲ ಪದರ) ಪೂರ್ತಿ 10 ನಂಬರ್ ರಾಡ್‌ನಲ್ಲಿ 110 ಕ್ಕೆ ಇಟ್ಟು ಹೊಡೆಯುತ್ತೇನೆ, ಅದು 100% ಸಾಲು, ಪ್ಲೇಟ್ ಪ್ರಕಾರ ನಿಲ್ಲಬಾರದು. ಮೇಲಿನ ರನ್‌ಗೆ ಮಾತ್ರ 8 ನಂಬರ್, ಎರಡು ರಾಡ್ ಆದ ಮೇಲೆ ಇಬ್ಬರೂ ಸೇರಿ ಮುಂದಿನ ಚಾನಲ್ ಕ್ಲಾಂಪ್ ಮಾಡುವುದು, ಗ್ರೈಂಡಿಂಗ್ ಮಾಡುವುದು. ಮೂರನೇ ರಾಡ್ ಆಸೆ ಬಿಡಿ. ಸುಮ್ನೆ ಕಾಯುವ ಇಪ್ಪತ್ತು ನಿಮಿಷಕ್ಕಿಂತ ಇದು ಬೇಗ ಆಗುತ್ತದೆ.

ವೈರಿಂಗ್_ಕೆಲಸ

188 ವೋಲ್ಟ್ ನೋಡಿ ಬರೆಯುತ್ತಿದ್ದೇನೆ. ಎಕ್ಸ್‌ಟೆನ್ಷನ್ 1.5 ಸ್ಕ್ವೇರ್ ಎಂಎಂ ಇರಬೇಕು ಅಲ್ವಾ? 30 ಮೀಟರ್ ಅಂದರೆ ಹೋಗಿ ಬರಲು 60 ಮೀಟರ್ ತಾಮ್ರ, ಅದರ ರೆಸಿಸ್ಟೆನ್ಸ್ 0.7 ಓಮ್‌ಗೆ ತುಸು ಮೇಲೆ. 165 ಆಂಪ್ಸ್ ಹೊಡೆಯುವಾಗ ಇಂಥ ಸಿಂಗಲ್ ಫೇಸ್ ಮೆಷಿನ್ ಲೈನ್‌ನಿಂದ 35 ಆಂಪ್ಸ್ ಆಸುಪಾಸು ಎಳೆಯುತ್ತದೆ. ನಿಮ್ಮ 27 ವೋಲ್ಟ್ ಅಲ್ಲೇ ಹೋಗುತ್ತಿದೆ, ಹೆಚ್ಚುಕಡಿಮೆ 900 ವ್ಯಾಟ್ ಬರೀ ವೈರ್ ಕಾಯಿಸಲು. ವೋಲ್ಟೇಜ್ ಕಡಿಮೆಯಾದಷ್ಟೂ ಇನ್ವರ್ಟರ್ ಜಾಸ್ತಿ ಕರೆಂಟ್ ಎಳೆದು ಒಳಗೆ ಇನ್ನೂ ಬಿಸಿಯಾಗುತ್ತದೆ.

ನನಗೆ ಮೆಷಿನ್‌ಗಿಂತ ನಿಮ್ಮ ವೈರ್ ಬಗ್ಗೆ ಹೆದರಿಕೆ. ಸುರುಳಿಯಲ್ಲಿ ಉಳಿದ ವೈರ್ ಮುಟ್ಟಿ ನೋಡಿ, ಮೆತ್ತಗಾಗಿದ್ದರೆ ಇವತ್ತೇ ತೆಗೆದುಬಿಡಿ. 6 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ, ನಷ್ಟ ಏಳು ವೋಲ್ಟ್‌ಗೆ ಇಳಿಯುತ್ತದೆ. ಪೂರ್ತಿ ಬಿಚ್ಚಿ ಹಾಸಿ, ಸುತ್ತಿ ಇಡಬೇಡಿ. ಮನೆಯ 16 ಆಂಪ್ಸ್ ಪ್ಲಗ್ ಇದಕ್ಕೆ ಆಗುವುದಿಲ್ಲ, 32 ಆಂಪ್ಸ್ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಮೀಟರ್‌ನಿಂದ ಬೋರ್ಡ್‌ವರೆಗಿನ ವೈರು, ಎಂಸಿಬಿ, ನಿಮಗೆ ಮಂಜೂರಾದ ಲೋಡು ಇಷ್ಟನ್ನು ತಡೆಯುತ್ತವೆಯಾ ಅಂತ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ದೂರ ಹೋಗಬೇಕಾದರೆ ವೆಲ್ಡಿಂಗ್ ಕೇಬಲ್ ಉದ್ದ ಮಾಡಬಹುದು, ಆದರೆ ಅದೂ ದಪ್ಪ ಇರಬೇಕು. ಕೇಬಲ್ ತುದಿಯ ಲಗ್ ಸಡಿಲ ಇದ್ದರೆ ಅಲ್ಲೇ ಕಾಯುತ್ತದೆ.

ಮಾನ್ವಿ_ಗೇಟ್_ಗ್ರಿಲ್

ಅಣ್ಣ, ವೈರ್ ಮುಟ್ಟಿ ನೋಡಿದೆ, ನೀವು ಹೇಳಿದ್ದು ನಿಜ. ಸುರುಳಿಯ ಒಳಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿದರೆ ಸಿಪ್ಪೆ ಕಿತ್ತು ಬಂತು. ಅದರ ಪಕ್ಕದಲ್ಲೇ ಹುಡುಗ ಮಧ್ಯಾಹ್ನ ಮಲಗುತ್ತಿದ್ದ. ಕತ್ತರಿಸಿ ಎಸೆದೆ.

ನಾಲ್ಕು ದಿನ ಆಯಿತು. ಕೇಬಲ್, ಸಾಕೆಟ್ ಎರಡೂ ಹಾಕಿಸಿದೆ. ಮೀಟರ್ ಕಡೆಯ ವೈರ್ ಕೂಡ ಬದಲಿಸಬೇಕಾಯಿತು, ಖರ್ಚು ಸ್ವಲ್ಪ ಜಾಸ್ತಿಯೇ ಆಯಿತು. ಮೆಷಿನ್ ತಗಡಿನ ಕೆಳಗಿಂದ ತೆಗೆದು ಬೇವಿನ ಮರದ ನೆರಳಿಗೆ ಒಂದು ಸ್ಟೂಲ್ ಮೇಲೆ ಇಟ್ಟಿದ್ದೇನೆ, ಗ್ರೈಂಡರ್ ಆ ಕಡೆ. ಈಗ ವೆಲ್ಡಿಂಗ್ ಮಾಡುವಾಗ ಮೆಷಿನ್ ಹತ್ತಿರ 208 ತೋರಿಸುತ್ತದೆ. 10 ನಂಬರ್ ರಾಡ್ ರನ್‌ನಲ್ಲಿ ಒಂದು ಸಲವೂ ನಿಲ್ಲಲಿಲ್ಲ. 8 ನಂಬರ್‌ನಲ್ಲಿ ನಿನ್ನೆ ಮಧ್ಯಾಹ್ನ ಅವಸರಕ್ಕೆ ನಾಲ್ಕನೇ ರಾಡ್ ಹಚ್ಚಿದೆ, ಅರ್ಧಕ್ಕೆ ಲೈಟು ಬಂತು. ಆಫ್ ಮಾಡದೆ ಫ್ಯಾನ್ ಬಿಟ್ಟೆ, ಎಂಟು ನಿಮಿಷಕ್ಕೆ ವಾಪಸ್ ಬಂತು.

ಟ್ರಾಲಿ ಇವತ್ತು ಬೆಳಗ್ಗೆ ಭತ್ತದ ಗದ್ದೆಗೆ ಹೋಯಿತು. ಬೆಳೆಗಾಲ ಮುಗಿದ ಮೇಲೆ ಇನ್ನೊಂದು ಮೆಷಿನ್ ತಗೊಳ್ಳುವ ಯೋಚನೆ ಇದೆ. ಈ ಸಲ ಅಂಗಡಿಯಲ್ಲಿ ಮೊದಲು 60% ಸಾಲು ಕೇಳುತ್ತೇನೆ. 165 ಕ್ಕೆ 60% ಬೇಕು ಅಂದರೆ ಯಾವ ಸೈಜು ನೋಡಬೇಕು, ಥ್ರೀ ಫೇಸ್ ಲೈನ್ ಬೇಕೇ ಬೇಕಾ, ಬಳಸುತ್ತಿರುವವರು ಹೇಳಿ.